ಸಿಗದ ಗುಳಿಗೆ, ಬಿಡದ ಗುಳಿಗೆ: ಹೈದರಾಬಾದಿನಲ್ಲಿ ನೋವಿನ ಮದ್ದಿನ ಇತಿಹಾಸ

ಗಸಗಸೆ ಗಿಡದ ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಆ ಅಫೀಮಿನಿಂದ ಜರ್ಮನಿಯ ಔಷಧ ತಯಾರಕ ಸೆರ್ಟ್ಯೂರ್ನರ್ 19ನೇ ಶತಮಾನದ ಮೊದಲ ದಶಕದಲ್ಲಿ ಬೇರ್ಪಡಿಸಿದ ಸಾರವೇ ಮಾರ್ಫಿನ್. ಕ್ಯಾನ್ಸರ್‌ನ ಕಡುನೋವಿಗೆ ಇಷ್ಟು ಅಗ್ಗವಾದ, ಇಷ್ಟು ನೆಚ್ಚಬಹುದಾದ ಔಷಧ ಇನ್ನೂ ಬಂದಿಲ್ಲ. ಕೊಡೀನ್, ಟ್ರಮಡಾಲ್, ಫೆಂಟನಿಲ್ ಇದೇ ಕುಲಕ್ಕೆ ಸೇರಿದವು. ಈ ಕುಲವನ್ನೆಲ್ಲ ಒಟ್ಟಾಗಿ ಓಪಿಯಾಯ್ಡ್ ಎನ್ನುತ್ತಾರೆ. ನೋವನ್ನು ತಣಿಸುವ ಗುಣವೂ ಚಟ ಹಿಡಿಸುವ ಗುಣವೂ ಇವುಗಳಲ್ಲಿ ಒಟ್ಟಿಗೇ ಇವೆ. ಹೀಗಾಗಿ ಹೈದರಾಬಾದಿನಲ್ಲಿ ಎರಡು ಬಗೆಯ ಮನೆಗಳು ಈ ಔಷಧಗಳಿಂದ ನರಳಿವೆ. ಒಂದು ಬಗೆಯ ಮನೆಗೆ ಬೇಕಾದಾಗ ಗುಳಿಗೆ ಸಿಗಲಿಲ್ಲ, ಇನ್ನೊಂದು ಬಗೆಯ ಮನೆಯಲ್ಲಿ ಗುಳಿಗೆ ಬಿಟ್ಟುಹೋಗಲಿಲ್ಲ. ಕಾನೂನು ಬಹುಕಾಲ ಎರಡನೆಯದನ್ನು ಮಾತ್ರ ಕಂಡಿತು.

ನೋವಿಲ್ಲದ ಚಿಕಿತ್ಸೆಯ ವಿಷಯದಲ್ಲಿ ಈ ಊರಿಗೆ ಹಳೆಯ ಹೆಸರಿದೆ. 1880ರ ದಶಕದಲ್ಲಿ ಹೈದರಾಬಾದ್ ವೈದ್ಯಕೀಯ ಶಾಲೆಯ ಮುಖ್ಯಸ್ಥನಾಗಿದ್ದ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಕ್ಲೋರೋಫಾರಂನ ಕಟ್ಟಾ ಪ್ರತಿಪಾದಕ. ಕ್ಲೋರೋಫಾರಂ ಕೊಟ್ಟಾಗ ರೋಗಿ ಸಾಯುವುದು ಹೃದಯ ನಿಂತು ಅಲ್ಲ, ಉಸಿರು ನಿಂತು ಎಂಬುದು ಅವನ ವಾದ. ಅದನ್ನು ಪರೀಕ್ಷಿಸಲು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಹಣ ಕೊಟ್ಟು 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರಂ ಆಯೋಗಗಳನ್ನು ನಡೆಸಿದ. ಎರಡನೆಯದಕ್ಕೆ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಲಾಡರ್ ಬ್ರಂಟನ್ ಎಂಬ ಹೆಸರಾಂತ ವೈದ್ಯನನ್ನು ಕಳಿಸಿತು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗಗಳಾದವು, ಲಾರಿಯ ವಾದವೇ ಗೆದ್ದಂತಾಯಿತು. ಅದು ಪೂರ್ತಿ ಸರಿಯಲ್ಲವೆಂದು ಮುಂದಿನ ಶತಮಾನದಲ್ಲಿ ತಿಳಿದುಬಂತು. ಲಾರಿಯ ಶಿಷ್ಯೆ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ನೋವಾಗಬಾರದು ಎಂಬ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡ ಊರಿನಲ್ಲಿ, ಮನೆಯ ಚಾಪೆಯ ಮೇಲೆ ತಿಂಗಳುಗಟ್ಟಲೆ ನರಳುವವರ ನೋವಿಗೆ ಔಷಧ ಬರಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾದವು.

ಆ ಕಾಲಕ್ಕೆ ಅಫೀಮು ನಿಷಿದ್ಧ ವಸ್ತುವೇನೂ ಆಗಿರಲಿಲ್ಲ. 1878ರ ಅಫೀಮು ಕಾಯ್ದೆಯಡಿ ಬ್ರಿಟಿಷ್ ಭಾರತದಲ್ಲಿ ಪರವಾನಗಿ ಪಡೆದ ಅಂಗಡಿಗಳಲ್ಲಿ ಅದು ತೂಕಕ್ಕೆ ಸಿಗುತ್ತಿತ್ತು. ಕೀಲುನೋವಿನ ಮುದುಕರು, ಕೆಮ್ಮಿನವರು, ಭೇದಿ ಹತ್ತಿದವರು ಕಡಲೆ ಗಾತ್ರದ ಅಫೀಮು ನುಂಗುತ್ತಿದ್ದರು. ಕೂಲಿಗೆ ಹೋಗುವ ತಾಯಂದಿರು ಮಗು ಮಲಗಿರಲೆಂದು ಚಿಟಿಕೆಯಷ್ಟು ತಿನ್ನಿಸಿ ಹೋಗುವ ರೂಢಿ ದೇಶದ ಹಲವೆಡೆ ಇತ್ತು. 1893ರಲ್ಲಿ ನೇಮಕವಾಗಿ 1895ರಲ್ಲಿ ವರದಿ ಕೊಟ್ಟ ರಾಯಲ್ ಅಫೀಮು ಆಯೋಗ ಇದರಲ್ಲಿ ಅಂಥ ಕೇಡೇನೂ ಇಲ್ಲವೆಂದಿತು. ಅಫೀಮಿನ ವರಮಾನವನ್ನು ಬಿಡಲು ಸರ್ಕಾರಕ್ಕೆ ಮನಸ್ಸಿರಲಿಲ್ಲ ಎಂಬುದನ್ನು ಮರೆತು ಆ ವರದಿಯನ್ನು ಓದಲಾಗದು. ಸ್ವಾತಂತ್ರ್ಯದ ನಂತರ, 1949ರಲ್ಲಿ, ಔಷಧಕ್ಕಲ್ಲದ ಅಫೀಮು ಸೇವನೆಯನ್ನು ಹತ್ತು ವರ್ಷದಲ್ಲಿ ಕೊನೆಗಾಣಿಸುವ ತೀರ್ಮಾನವಾಯಿತು. 1959ರ ಏಪ್ರಿಲ್‌ನಿಂದ ಅಂಗಡಿಗಳಲ್ಲಿ ಮಾರಾಟ ನಿಂತು, ಹೆಸರು ನೋಂದಾಯಿಸಿಕೊಂಡ ಹಳೆಯ ವ್ಯಸನಿಗಳಿಗೆ ಮಾತ್ರ ಪಡಿತರದ ಅಫೀಮು ಉಳಿಯಿತು.

ಅದೇ ದಶಕದಲ್ಲಿ, 1955ರಲ್ಲಿ, ಹೈದರಾಬಾದಿನ ರೆಡ್‌ಹಿಲ್ಸ್‌ನಲ್ಲಿ ಕ್ಯಾನ್ಸರ್ ಆಸ್ಪತ್ರೆಯೊಂದು ಹುಟ್ಟಿಕೊಂಡಿತು. ಅದನ್ನು ಕಟ್ಟಿಸಲು ಓಡಾಡಿದ ಮೆಹದಿ ನವಾಜ್ ಜಂಗ್ ಹೈದರಾಬಾದ್ ರಾಜ್ಯದ ಸಚಿವರು, ಮುಂದೆ ಗುಜರಾತಿನ ಮೊದಲ ರಾಜ್ಯಪಾಲರು. ಅವರ ಹೆಸರನ್ನೇ ಹೊತ್ತ ಎಂಎನ್‌ಜೆ ಗ್ರಂಥಿಶಾಸ್ತ್ರ ಸಂಸ್ಥೆ ಇಂದು ತೆಲಂಗಾಣದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ. ಮರುವರ್ಷ, 1956ರ ನವೆಂಬರ್ 1ರಂದು, ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆಡಳಿತ ಬೆಂಗಳೂರಿಗೆ ಹೋಯಿತು, ರೋಗಿಗಳು ಮಾತ್ರ ಹೈದರಾಬಾದಿಗೇ ಹೋಗುತ್ತಿದ್ದರು. ಬೀದರಿನಿಂದ ಬೆಂಗಳೂರು ಒಂದು ರಾತ್ರಿಯ ಪಯಣ, ಹೈದರಾಬಾದು ಕೆಲವೇ ತಾಸು. ದೊಡ್ಡ ಬೇನೆ ಎಂದರೆ ಹೈದರಾಬಾದಿನ ದವಾಖಾನೆ ಎನ್ನುವ ಮಾತು ಆ ಸೀಮೆಯಲ್ಲಿ ಇಂದಿಗೂ ಹೋಗಿಲ್ಲ. ಹೀಗಾಗಿ ಹೈದರಾಬಾದಿನ ನೋವಿನ ಮದ್ದಿನ ಕಥೆ ಕಲ್ಯಾಣ ಕರ್ನಾಟಕದ ಮನೆಗಳ ಕಥೆಯೂ ಹೌದು.

1985ರ ನವೆಂಬರ್ 14ರಂದು ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆ ಜಾರಿಗೆ ಬಂತು. ಎನ್‌ಡಿಪಿಎಸ್ ಎಂಬ ಹೆಸರಿನಲ್ಲೇ ಅದು ಎಲ್ಲರಿಗೂ ಪರಿಚಿತ. ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯಿಂದ ಹೆರಾಯಿನ್ ಭಾರತದ ಮೂಲಕ ಹರಿಯತೊಡಗಿದ್ದ ಕಾಲವದು. 1961ರ ವಿಶ್ವಸಂಸ್ಥೆಯ ಮಾದಕ ಔಷಧಗಳ ಒಪ್ಪಂದಕ್ಕೆ ಸಹಿ ಹಾಕಿದ ದೇಶವಾಗಿ ಭಾರತ ಬಿಗಿ ಕಾನೂನು ತರಲೇಬೇಕಿತ್ತು. ಹಳೆಯ ಅಫೀಮು ಕಾಯ್ದೆಗಳ ಜಾಗದಲ್ಲಿ ಬಂದ ಹೊಸ ಕಾಯ್ದೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಕಠಿಣ ಸೆರೆವಾಸ, ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ವಿಧಿಸಿತು. ಕಳ್ಳಸಾಗಣೆದಾರನಿಗೂ ದಾಖಲೆಯಲ್ಲಿ ಒಂದು ಸಾಲು ತಪ್ಪಿದ ಆಸ್ಪತ್ರೆಯ ಔಷಧ ಉಗ್ರಾಣದವನಿಗೂ ಅದು ಒಂದೇ ಬಗೆಯಲ್ಲಿ ಅಂಜಿಕೆ ಹುಟ್ಟಿಸಿತು. ಪ್ರಮಾಣ ನೋಡಿ ಶಿಕ್ಷೆ ಕೊಡುವ ತಿದ್ದುಪಡಿ ಬಂದದ್ದು 2001ರಲ್ಲಿ. ನೋವಿನ ಶಮನಕ್ಕೆ ಮಾದಕ ಔಷಧಗಳು ಅನಿವಾರ್ಯ, ಅವು ಸಿಗುವಂತೆ ನೋಡಿಕೊಳ್ಳಬೇಕು ಎಂದು ಅದೇ 1961ರ ಒಪ್ಪಂದದ ಪೀಠಿಕೆ ಹೇಳುತ್ತದೆ. ಆ ಅರ್ಧ ಭಾಗ ಇಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಕಾಯ್ದೆಯಡಿ ಮಾರ್ಫಿನ್ ತರಿಸುವ ದಾರಿ ಹೀಗಿತ್ತು. ಆಸ್ಪತ್ರೆಯ ಬಳಿ ಅದನ್ನು ಇಟ್ಟುಕೊಳ್ಳುವ ಪರವಾನಗಿ ಇರಬೇಕು. ಗುಳಿಗೆ ತಯಾರಾಗುವುದು ಬೇರೆ ರಾಜ್ಯದಲ್ಲಾದರೆ ತನ್ನ ರಾಜ್ಯದ ಅಬಕಾರಿ ಇಲಾಖೆಯಿಂದ ಆಮದು ಪರವಾನಗಿ ಬೇಕು, ಅದನ್ನು ತೋರಿಸಿ ಆ ರಾಜ್ಯದಿಂದ ರಫ್ತು ಪರವಾನಗಿ, ಆಮೇಲೆ ಸಾಗಣೆಯ ಪರವಾನಗಿ. ಇವೆಲ್ಲವೂ ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕು. ಒಂದು ಕಾಗದ ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಪ್ರತಿ ರಾಜ್ಯದ ನಿಯಮ ಬೇರೆ, ಅಬಕಾರಿ ಮತ್ತು ಔಷಧ ನಿಯಂತ್ರಣ ಇಲಾಖೆಗಳು ಒಂದನ್ನೊಂದು ಕಾಯುತ್ತಿದ್ದವು. ಸಾರಾಯಿ ಅಂಗಡಿಗಳ ಹರಾಜು ನೋಡಿಕೊಳ್ಳುವ ಕಚೇರಿಯೇ ಸಾಯುತ್ತಿರುವವರ ಗುಳಿಗೆಯ ಅರ್ಜಿಯನ್ನೂ ನೋಡಬೇಕು. ಆಸ್ಪತ್ರೆಗಳು ಕೇಳುವುದನ್ನೇ ಬಿಟ್ಟವು, ಕಂಪನಿಗಳು ತಯಾರಿಸುವುದನ್ನು ಬಿಟ್ಟವು, ವೈದ್ಯಕೀಯ ಕಾಲೇಜುಗಳು ಕಲಿಸುವುದನ್ನು ಬಿಟ್ಟವು. 1985ರಿಂದ 1997ರ ನಡುವೆ ದೇಶದಲ್ಲಿ ಚಿಕಿತ್ಸೆಗೆ ಬಳಕೆಯಾದ ಮಾರ್ಫಿನ್ ಶೇ 97ರಷ್ಟು ಕುಸಿಯಿತು. 1997ರಲ್ಲಿ ಇಡೀ ಭಾರತ ಬಳಸಿದ್ದು 18 ಕಿಲೋ.

ಇದೇ ಹೊತ್ತಿಗೆ ಮಧ್ಯಪ್ರದೇಶದ ನೀಮಚ್, ಮಂದಸೌರ್, ರಾಜಸ್ಥಾನದ ಚಿತ್ತೋಡಗಢ, ಉತ್ತರಪ್ರದೇಶದ ಬಾರಾಬಂಕಿಯಲ್ಲಿ ಸರ್ಕಾರದ ಪರವಾನಗಿಯಿಂದಲೇ ಗಸಗಸೆ ಬೆಳೆ ನಡೆದಿತ್ತು. ಕಾನೂನುಬದ್ಧವಾಗಿ ಅಫೀಮು ರಫ್ತು ಮಾಡುವ ಏಕೈಕ ದೇಶ ಭಾರತ. ಘಾಜಿಪುರ ಮತ್ತು ನೀಮಚ್‌ನ ಸರ್ಕಾರಿ ಕಾರ್ಖಾನೆಗಳಿಂದ ಹೊರಟ ಅಫೀಮು ಅಮೆರಿಕ, ಯುರೋಪು, ಜಪಾನಿನ ರೋಗಿಗಳ ನೋವು ತಣಿಸುತ್ತಿತ್ತು.

1985ರ ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿನ ಚಿಕಿತ್ಸೆಗೆ ಮೂರು ಮೆಟ್ಟಿಲ ಸೂತ್ರ ಪ್ರಕಟಿಸಿತ್ತು. ಮೊದಲು ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ಮಾತ್ರೆ, ಸಾಲದಿದ್ದರೆ ಕೊಡೀನ್ ಅಥವಾ ಟ್ರಮಡಾಲ್, ಅದಕ್ಕೂ ಬಗ್ಗದಿದ್ದರೆ ಬಾಯಿಂದ ನುಂಗುವ ಮಾರ್ಫಿನ್. ಹೈದರಾಬಾದಿಗೆ ಬರುವ ಕ್ಯಾನ್ಸರ್ ರೋಗಿಗಳಲ್ಲಿ ಬಹುಪಾಲು ಜನ ರೋಗ ಬಲಿತ ಮೇಲೆ ಬರುವವರು: ತಂಬಾಕು, ಗುಟ್ಕಾದಿಂದ ಬಾಯಿ ಹುಣ್ಣಾದ ಗಂಡಸರು, ಗರ್ಭಕೊರಳಿನ ಕ್ಯಾನ್ಸರ್ ಆದ ಹೆಂಗಸರು. ಅವರಿಗೆ ಮೂರನೆಯ ಮೆಟ್ಟಿಲೇ ಬೇಕು. ಅದೇ ಇರಲಿಲ್ಲ. ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂಬ ಮಾತು ಕೇಳಿ ಊರಿಗೆ ಮರಳಿದ ಮೇಲೆ ಏನಾಗುತ್ತದೆ ಎಂಬುದನ್ನು ಯಾವ ದಾಖಲೆಯೂ ಬರೆದಿಟ್ಟುಕೊಳ್ಳಲಿಲ್ಲ. ರಾತ್ರಿಯಿಡೀ ಕೂಗುವ ಅಪ್ಪನ ಪಕ್ಕದಲ್ಲಿ ಶಾಲೆಗೆ ಹೋಗುವ ಮಕ್ಕಳು ಮಲಗಬೇಕು. ಹೆಂಡತಿ ಕೂಲಿ ಬಿಟ್ಟು ಕೂರಬೇಕು. ಆರ್‌ಎಂಪಿ ವೈದ್ಯ ಬಂದು ಸೂಜಿ ಹಾಕಿದರೆ ಎರಡು ತಾಸು ನಿದ್ದೆ, ಆ ಸೂಜಿಗೆ ದಿನವೂ ಹಣ. ಚಿಕಿತ್ಸೆಗಾಗಿ ಮಾರಿದ ಎಮ್ಮೆ, ಅಡವಿಟ್ಟ ಹೊಲ, ಇವುಗಳ ಮೇಲೆ ಈ ಸಾಲ ಬೇರೆ. ನೋವು ತಾಳಲಾರದೆ ರೋಗಿಯೇ ವಿಷ ಕೇಳುವ ಮನೆಗಳಿದ್ದವು.

ಕೇರಳ ಬೇರೆ ದಾರಿ ಹಿಡಿಯಿತು. 1993ರಲ್ಲಿ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಜೊತೆಗಾರರು ನೋವು ಮತ್ತು ಉಪಶಾಮಕ ಆರೈಕೆಯ, ಅಂದರೆ ರೋಗಿಯ ಸಂಕಟ ತಗ್ಗಿಸುವ ಆರೈಕೆಯ, ಚಿಕಿತ್ಸಾಲಯ ತೆರೆದು, ಮಾರ್ಫಿನ್ ಗುಳಿಗೆಯನ್ನು ರೋಗಿಗಳ ಕೈಗೇ ಕೊಟ್ಟು ಮನೆಗೆ ಕಳಿಸತೊಡಗಿದರು. ಬಡವರ ಮನೆಗೆ ಹೋದ ಮಾರ್ಫಿನ್ ಚಟದವರ ಪಾಲಾಗುತ್ತದೆ ಎಂಬುದು ಅಧಿಕಾರಿಗಳ ಭಯ. ಆ ಭಯಕ್ಕೆ ಉತ್ತರ 2001ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು: ಎರಡು ವರ್ಷದಲ್ಲಿ 1,723 ರೋಗಿಗಳಿಗೆ ಗುಳಿಗೆ ಕೊಟ್ಟರೂ ದುರುಪಯೋಗದ, ಅಡ್ಡದಾರಿ ಹಿಡಿದ ಒಂದು ಪ್ರಕರಣವೂ ಕಂಡಿರಲಿಲ್ಲ. 1998ರಲ್ಲೇ ಕೇಂದ್ರದ ಕಂದಾಯ ಇಲಾಖೆ ನಿಯಮ ಸರಳ ಮಾಡಿಕೊಳ್ಳುವಂತೆ ರಾಜ್ಯಗಳಿಗೆ ಮಾದರಿ ಕಳಿಸಿತ್ತು. ಕೆಲವು ರಾಜ್ಯಗಳು ಮಾಡಿಕೊಂಡವು, ಮಿಕ್ಕವು ಕಡತದಲ್ಲಿಟ್ಟು ಸುಮ್ಮನಾದವು. 2007ರಲ್ಲಿ ಭಾರತೀಯ ಉಪಶಾಮಕ ಆರೈಕೆ ಸಂಘ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

ಎಂಎನ್‌ಜೆಯಲ್ಲಿ ಉಪಶಾಮಕ ಆರೈಕೆಯ ಕೆಲಸ ಶುರುವಾದದ್ದು 2006ರ ಸುಮಾರಿಗೆ, ಡಾ. ಗಾಯತ್ರಿ ಪಾಲಟ್ ಅವರ ಮುಂದಾಳ್ತನದಲ್ಲಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೊಂದರ ನೆರವು ಅದಕ್ಕಿತ್ತು. ಸರ್ಕಾರಿ ಆಸ್ಪತ್ರೆಯ ಹೊರರೋಗಿ ಗದ್ದಲದ ನಡುವೆಯೇ ಗುಳಿಗೆ ಕೊಡುವ ಮೇಜು ಹುಟ್ಟಿಕೊಂಡಿತು. ಅಲ್ಲಿ ನಡೆಯುವ ಕೆಲಸ ಹೊರನೋಟಕ್ಕೆ ಬಹಳ ಸಣ್ಣದು. ನೋವು ಎಲ್ಲಿ, ಸೊನ್ನೆಯಿಂದ ಹತ್ತರವರೆಗೆ ಎಷ್ಟು, ರಾತ್ರಿ ನಿದ್ದೆ ಬರುತ್ತದೆಯೇ ಎಂದು ವೈದ್ಯರು ಕೇಳಿ ಬರೆದುಕೊಳ್ಳುತ್ತಾರೆ. ಹತ್ತು ಮಿಲಿಗ್ರಾಂ ಗುಳಿಗೆಯನ್ನು ನಾಲ್ಕು ತಾಸಿಗೊಮ್ಮೆ ಕೊಡಬೇಕು: ಬೆಳಿಗ್ಗೆ ಆರಕ್ಕೆ, ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ, ರಾತ್ರಿ ಹತ್ತಕ್ಕೆ. ಹತ್ತರದು ಮಾತ್ರ ಎರಡು ಗುಳಿಗೆ, ನಡುರಾತ್ರಿ ಎಬ್ಬಿಸುವುದು ಬೇಡವೆಂದು. ನೋವು ಬಂದ ಮೇಲೆ ಅಲ್ಲ, ಬರುವ ಮುಂಚೆ ಕೊಡಬೇಕೆಂಬುದನ್ನು ಮನೆಯವರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಯಾಕೆಂದರೆ ಕಡಿಮೆ ಕೊಟ್ಟರೆ ಒಳ್ಳೆಯದು, ಉಳಿಸಿಟ್ಟರೆ ಮುಂದೆ ಬೇಕಾದೀತು ಎಂದು ಅವರು ಯೋಚಿಸುತ್ತಾರೆ. ಮೊದಲ ಕೆಲವು ದಿನ ಓಕರಿಕೆಗೆ ಔಷಧ, ಗುಳಿಗೆ ನಡೆಯುವವರೆಗೂ ಮಲಬದ್ಧತೆಗೆ ಔಷಧ. ಓದು ಬಾರದವರಿಗೆ ಹೊತ್ತುಗಳನ್ನು ಬಾಯಲ್ಲಿ ಹೇಳಿ, ಮರಳಿ ಹೇಳಿಸಿ ಕಳಿಸಬೇಕು. ಕೊಟ್ಟ ಗುಳಿಗೆಗಳ ಲೆಕ್ಕ ದಫ್ತರಕ್ಕೆ ಹೋಗುತ್ತದೆ. ರೋಗಿ ತೀರಿಕೊಂಡರೆ ಉಳಿದದ್ದನ್ನು ಮನೆಯವರು ತಂದು ಒಪ್ಪಿಸಬೇಕು.

ಇಷ್ಟರಿಂದ ಮನೆಯೊಳಗೆ ಆಗುವ ಬದಲಾವಣೆ ಸಣ್ಣದಲ್ಲ. ನೋವು ಇಳಿದ ರೋಗಿ ಎದ್ದು ಕೂರುತ್ತಾನೆ, ಗಂಜಿ ಕುಡಿಯುತ್ತಾನೆ, ಮಗಳ ಮದುವೆಯ, ಹೊಲದ ಪಹಣಿಯ ಮಾತು ತೆಗೆಯುತ್ತಾನೆ. ಹೆಂಡತಿ ಮತ್ತೆ ಕೂಲಿಗೆ ಹೋಗಬಹುದು. ಇದು ರೋಗ ಗುಣವಾದದ್ದಲ್ಲ, ಉಳಿದ ದಿನಗಳು ಮನೆಯವರೊಂದಿಗೆ ಕಳೆಯುವಂತಾದದ್ದು.

ಇಲ್ಲಿ ಒಂದು ಗೊಂದಲ ತೊಡೆಯಬೇಕು. ತಿಂಗಳುಗಟ್ಟಲೆ ಮಾರ್ಫಿನ್ ತೆಗೆದುಕೊಂಡವರ ದೇಹ ಅದಕ್ಕೆ ಒಗ್ಗಿರುತ್ತದೆ, ಥಟ್ಟನೆ ನಿಲ್ಲಿಸಿದರೆ ನಡುಕ, ಬೆವರು, ಹೊಟ್ಟೆನೋವು ಬರುತ್ತದೆ. ಇದು ದೇಹದ ಅವಲಂಬನೆ, ಪ್ರಮಾಣ ಇಳಿಸುತ್ತ ಬಂದರೆ ಹೋಗುತ್ತದೆ. ಚಟವೆಂದರೆ ಕೇಡಾಗುತ್ತಿದ್ದರೂ ಬಿಡಲಾಗದೆ, ಗುಳಿಗೆಗಾಗಿಯೇ ಬದುಕುವ ಸ್ಥಿತಿ. ಕ್ಯಾನ್ಸರ್ ನೋವಿಗೆ ಲೆಕ್ಕಹಾಕಿ ಕೊಟ್ಟಾಗ ಅದು ವಿರಳ. ಈ ವ್ಯತ್ಯಾಸವನ್ನು ಕಲಿಯದೆಯೇ ವೈದ್ಯರ ಒಂದು ಇಡೀ ತಲೆಮಾರು ಕಾಲೇಜಿನಿಂದ ಹೊರಬಂದಿತ್ತು. ಮನೆಯವರ ಹೆದರಿಕೆಗೂ ಬೇರು ಅಲ್ಲೇ: ಅಪ್ಪನಿಗೆ ಅಫೀಮು ಕೊಡುತ್ತಿದ್ದೇವೆ ಎಂದು ನೆಂಟರೆದುರು ಹೇಳಲು ಹಿಂಜರಿಯುವವರು, ಮಾರ್ಫಿನ್ ಎಂದರೆ ಸಾವು ಬಂತೆಂದೇ ಅರ್ಥ ಎಂದುಕೊಂಡವರು ಈಗಲೂ ಇದ್ದಾರೆ.

2009ರ ಅಕ್ಟೋಬರ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ಈ ಸ್ಥಿತಿಯ ಬಗ್ಗೆ ವರದಿ ಹೊರತಂದಿತು. ಹೈದರಾಬಾದಿನ ರೋಗಿಗಳೂ ಅದರಲ್ಲಿ ಮಾತಾಡಿದ್ದರು. ದೇಶದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮಾರ್ಫಿನ್ ಇಲ್ಲ, ಉಪಶಾಮಕ ಆರೈಕೆಯೂ ಇಲ್ಲ ಎಂಬುದು ಅದರ ತಿರುಳು. ತಡೆಯಬಹುದಾದ ನೋವನ್ನು ತಡೆಯದಿರುವುದು ಮಾನವ ಹಕ್ಕಿನ ಪ್ರಶ್ನೆ ಎಂಬ ಮಾತು ಆಗ ಹೊಸದಾಗಿತ್ತು. ಎರಡು ವರ್ಷದ ನಂತರ ಹೈದರಾಬಾದಿನ ಬಂಜಾರಾ ಹಿಲ್ಸ್ ರೋಟರಿಯವರು 'ಸ್ಪರ್ಶ್' ಎಂಬ ಹಾಸ್ಪಿಸ್ ಆರಂಭಿಸಿದರು. ಕೊನೆಯ ದಿನಗಳ ರೋಗಿಗಳಿಗೆ ಅಲ್ಲಿ ಹಣ ಪಡೆಯದೆ ಆರೈಕೆ. ಬೆಂಗಳೂರಿನ 'ಕರುಣಾಶ್ರಯ' ಇದಕ್ಕಿಂತ ಬಹಳ ಮುಂಚೆ ಅದೇ ಕೆಲಸ ಕೈಗೆತ್ತಿಕೊಂಡಿತ್ತು.

ಕೊನೆಗೆ 2014ರ ಫೆಬ್ರುವರಿಯಲ್ಲಿ, ಆಗಿನ ಲೋಕಸಭೆಯ ಕಡೆಯ ಅಧಿವೇಶನದ ಗದ್ದಲದಲ್ಲಿ, ಎನ್‌ಡಿಪಿಎಸ್ ತಿದ್ದುಪಡಿ ಅಂಗೀಕಾರವಾಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್ ಈ ಆರು 'ಅತ್ಯಾವಶ್ಯಕ ಮಾದಕ ಔಷಧ'ಗಳೆನಿಸಿದವು. ಇವುಗಳ ನಿಯಮ ರೂಪಿಸುವ ಅಧಿಕಾರ ರಾಜ್ಯಗಳಿಂದ ಕೇಂದ್ರಕ್ಕೆ ಹೋಗಿ, ದೇಶಕ್ಕೆಲ್ಲ ಒಂದೇ ನಿಯಮ ಬಂತು. ನಾಲ್ಕೈದು ಪರವಾನಗಿಗಳ ಬದಲು ರಾಜ್ಯದ ಔಷಧ ನಿಯಂತ್ರಕರಿಂದ ಒಂದೇ ಮಾನ್ಯತೆ ಸಾಕೆಂದಾಯಿತು. ಕಾಯ್ದೆ ಮೇ 1ರಂದು ಜಾರಿಯಾಯಿತು, ಜೂನ್ 2ರಂದು ತೆಲಂಗಾಣ ರಾಜ್ಯ ಹುಟ್ಟಿತು. ಹೊಸ ರಾಜ್ಯ ಉಪಶಾಮಕ ಆರೈಕೆಯ ಕೆಲಸವನ್ನು ಇತರ ಹಲವು ರಾಜ್ಯಗಳಿಗಿಂತ ಚೆನ್ನಾಗಿಯೇ ಮಾಡಿತು: ಜಿಲ್ಲಾ ಮಟ್ಟದಲ್ಲಿ ಉಪಶಾಮಕ ಆರೈಕೆಯ ಹಾಸಿಗೆಗಳು, ಮನೆಮನೆಗೆ ಹೋಗುವ 'ಆಲನ' ವಾಹನಗಳು. ಆದರೂ ದೇಶದ ಒಟ್ಟು ಚಿತ್ರ ಬದಲಾಗಲಿಲ್ಲ. ನೋವು ಶಮನಕ್ಕೆ ಬೇಕಾದ ಓಪಿಯಾಯ್ಡ್‌ನಲ್ಲಿ ಶೇ 4ರಷ್ಟು ಮಾತ್ರ ಭಾರತದ ರೋಗಿಗಳಿಗೆ ಸಿಗುತ್ತಿದೆ ಎಂದು 2017ರಲ್ಲಿ ಲ್ಯಾನ್ಸೆಟ್ ಆಯೋಗ ಲೆಕ್ಕ ಹಾಕಿತು. ಅಮೆರಿಕದಲ್ಲಿ ಬೇಕಾದದ್ದರ ಮೂವತ್ತು ಪಟ್ಟಿಗೂ ಹೆಚ್ಚು ಹಂಚಿಕೆಯಾಗುತ್ತಿತ್ತು.

ಅಮೆರಿಕದ ಆ ಕಥೆ ಹೈದರಾಬಾದಿನವರಿಗೆ ದೂರದ್ದೇನಲ್ಲ. ಮಕ್ಕಳು ಅಲ್ಲಿರುವ ಮನೆಗಳು ಇಲ್ಲಿ ಬೀದಿಗೆ ನಾಲ್ಕಿವೆ. 1996ರಲ್ಲಿ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಮಾರುಕಟ್ಟೆಗೆ ತಂದು, ಬೆನ್ನುನೋವು, ಮಂಡಿನೋವಿಗೂ ಧಾರಾಳವಾಗಿ ಬರೆಯುವಂತೆ ವೈದ್ಯರನ್ನು ಒಲಿಸಿತು. ಚಟ ಹತ್ತುವುದು ಬಲು ಅಪರೂಪ ಎನ್ನಲು ಬಳಸಿಕೊಂಡ ಆಧಾರಗಳಲ್ಲಿ ಒಂದು, 1980ರಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬಂದ ಐದು ವಾಕ್ಯಗಳ ಓಲೆ. ಅದು ಆಸ್ಪತ್ರೆಯೊಳಗಿನ ರೋಗಿಗಳ ಕುರಿತದ್ದು, ಮನೆಗೆ ಒಯ್ದು ವರ್ಷಗಟ್ಟಲೆ ನುಂಗುವವರ ಕುರಿತದ್ದಲ್ಲ. 2021ರ ಹೊತ್ತಿಗೆ ಅಮೆರಿಕದಲ್ಲಿ ಮಾದಕವಸ್ತುಗಳ ಅತಿಸೇವನೆಯಿಂದ ಒಂದೇ ವರ್ಷ ಲಕ್ಷಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಓಪಿಯಾಯ್ಡ್‌ಗಳಿಂದ. ಈ ಸುದ್ದಿ ಇಲ್ಲಿಗೆ ಬಂದಾಗ ನೋಡಿ, ನಾವು ಬಿಗಿಯಾಗಿದ್ದದ್ದೇ ಸರಿ ಎಂದವರಿದ್ದರು. ಆ ಮಾತು ನಿಲ್ಲುವುದಿಲ್ಲ. ಬಿಗಿಯಾಗಿದ್ದದ್ದು ಮಾರ್ಫಿನ್ ವಿಷಯದಲ್ಲಿ ಮಾತ್ರ, ಟ್ರಮಡಾಲ್ ಅಷ್ಟೂ ಕಾಲ ಬೀದಿ ಮೂಲೆಯ ಮೆಡಿಕಲ್ ಶಾಪಿನಲ್ಲಿ ಸಿಗುತ್ತಿತ್ತು.

ಟ್ರಮಡಾಲ್ ಜರ್ಮನಿಯಲ್ಲಿ 1977ರಲ್ಲಿ ಮಾರುಕಟ್ಟೆಗೆ ಬಂದ, ಕಾರ್ಖಾನೆಯಲ್ಲೇ ತಯಾರಾಗುವ ಓಪಿಯಾಯ್ಡ್. ಅದಕ್ಕೆ ಗಸಗಸೆ ಬೇಡ, ಬಹುಕಾಲ ಅದು ಎನ್‌ಡಿಪಿಎಸ್ ಪಟ್ಟಿಯಲ್ಲೂ ಇರಲಿಲ್ಲ. ಬಾಲಾನಗರದಲ್ಲಿ ಸರ್ಕಾರಿ ಔಷಧ ಕಂಪನಿ ಐಡಿಪಿಎಲ್‌ನ ಕಾರ್ಖಾನೆ ಬಂದ 1960ರ ದಶಕದಿಂದ ಹೈದರಾಬಾದು ದೇಶದ ಔಷಧ ತಯಾರಿಕೆಯ ದೊಡ್ಡ ಕೇಂದ್ರವಾಗಿ ಬೆಳೆದಿತ್ತು. ಟ್ರಮಡಾಲ್ ಕೂಡ ಈ ಸುತ್ತಲಲ್ಲಿ ತಯಾರಾಗುತ್ತಿತ್ತು. ಮೂಳೆ ಮುರಿತಕ್ಕೆ, ಹೆರಿಗೆಯ ಶಸ್ತ್ರಚಿಕಿತ್ಸೆಯ ನಂತರದ ನೋವಿಗೆ, ಸೊಂಟನೋವಿಗೆ ವೈದ್ಯರು ಐದು ದಿನಕ್ಕೆ ಬರೆಯುತ್ತಾರೆ. ಚೀಟಿಯಲ್ಲಿ ಐದು ದಿನ ಎಂದಿದ್ದರೂ ಅಂಗಡಿಯವ ಆರನೆಯ ದಿನವೂ ಕೊಡುತ್ತಾನೆ, ಆರನೆಯ ತಿಂಗಳೂ ಕೊಡುತ್ತಾನೆ. ನೋವು ಹೋದ ಮೇಲೂ ಗುಳಿಗೆ ಹಾಕಿದರೆ ಮೈ ಹಗುರ, ಕೆಲಸಕ್ಕೆ ಹುರುಪು. ಲಾರಿ ಓಡಿಸುವವರಿಗೆ, ಕಟ್ಟಡದ ಕೆಲಸದವರಿಗೆ ಇದು ಬೇಗ ಒಗ್ಗುತ್ತದೆ. ಇವರಾರೂ ತಾವು ಮಾದಕವಸ್ತು ಸೇವಿಸುತ್ತಿದ್ದೇವೆ ಎಂದುಕೊಂಡಿರುವುದಿಲ್ಲ, ಡಾಕ್ಟರೇ ಬರೆದುಕೊಟ್ಟದ್ದಲ್ಲವೇ ಎನ್ನುತ್ತಾರೆ.

ಮನೆಯವರಿಗೆ ಮೊದಲು ಗೊತ್ತಾಗುವುದು ಗುಳಿಗೆ ತಪ್ಪಿದ ದಿನ. ಆಕಳಿಕೆ, ಮೂಗಿನಲ್ಲಿ ನೀರು, ಮೈಯೆಲ್ಲ ಮುಳ್ಳು, ಹೊಟ್ಟೆ ಹಿಂಡು, ರಾತ್ರಿ ಕಾಲು ನಿಲ್ಲದ ಸಂಕಟ; ಫ್ಲೂ ಜ್ವರವೆಂದುಕೊಂಡು ಕಷಾಯ ಮಾಡಿಕೊಡುತ್ತಾರೆ. ಹೆಚ್ಚು ಪ್ರಮಾಣ ನುಂಗಿದವರಿಗೆ ಟ್ರಮಡಾಲ್‌ನಿಂದ ಫಿಟ್ಸ್ ಬರುತ್ತದೆ, ಮನೆಯವರು ಮೂರ್ಛೆರೋಗಕ್ಕೆ ಹರಕೆ ಹೊರುತ್ತಾರೆ. ಹಾಸಿಗೆಯಡಿಯಲ್ಲಿ ಖಾಲಿ ಸ್ಟ್ರಿಪ್‌ಗಳು ಸಿಕ್ಕ ಮೇಲೆ ಜಗಳ, ಆಣೆ, ಬಂಗಾರ ಕಾಣೆಯಾಗುವುದು, ಕೆಲಸ ಹೋಗುವುದು. ಚಿಕಿತ್ಸೆ ಇಲ್ಲದ್ದೇನಲ್ಲ: ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ಬುಪ್ರೆನಾರ್ಫಿನ್ ಕೊಟ್ಟು ಚಟವನ್ನು ಹತೋಟಿಗೆ ತರುವ ವಿಧಾನವಿದೆ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಮೊಕದ್ದಮೆಯಿಂದ ರಕ್ಷಣೆಯನ್ನೂ ಕೊಡುತ್ತದೆ. ಆದರೆ ಗಂಡನನ್ನು ಎರ್ರಗಡ್ಡಕ್ಕೆ ಕರೆದೊಯ್ದಳು ಎಂಬ ಮಾತಿಗೆ ಅಂಜಿ ವರ್ಷ ದೂಡುವ ಹೆಂಗಸರು ಬಹಳ. ಹುಚ್ಚಾಸ್ಪತ್ರೆಯ ಹೆಸರಿನ ಕಳಂಕ ಇನ್ನೂ ಹಾಗೇ ಇದೆ.

ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ತೆಲಂಗಾಣ ಬೇರೊಂದು ವಸ್ತುವಿನಿಂದ ಕಲಿಯಿತು. 2015ರಲ್ಲಿ ಕಲಬೆರಕೆ ಸೇಂದಿಯ ಮೇಲೆ ಸರ್ಕಾರ ದಾಳಿ ಮಾಡಿದಾಗ, ಅದರಲ್ಲಿ ಬೆರೆಸುತ್ತಿದ್ದ ಆಲ್‌ಪ್ರಜೋಲಾಂ, ಡಯಾಜೆಪಾಂಗೆ ಒಗ್ಗಿಹೋಗಿದ್ದ ಜನ ನಿಜಾಮಾಬಾದ್ ಮತ್ತಿತರ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ನಡುಗುತ್ತ, ಭ್ರಮೆಯಲ್ಲಿ ಕೂಗುತ್ತ ಬಿದ್ದರು. ಇವು ಓಪಿಯಾಯ್ಡ್‌ಗಳಲ್ಲ, ನಿದ್ದೆಗುಳಿಗೆಗಳು. ಆದರೂ ಪಾಠ ಒಂದೇ: ಪೂರೈಕೆ ಕಡಿಯುವ ಮೊದಲು ಚಿಕಿತ್ಸೆ ಸಿದ್ಧವಿರಬೇಕು.

ಟ್ರಮಡಾಲ್‌ಗೆ ಕಡಿವಾಣ ಎರಡು ಹಂತದಲ್ಲಿ ಬಂತು. 2014ರ ಮಾರ್ಚ್ 1ರಿಂದ ಜಾರಿಯಾದ, ಔಷಧ ನಿಯಮಗಳ ಎಚ್1 ಪಟ್ಟಿಯಲ್ಲಿ ಅದನ್ನು ಸೇರಿಸಿ, ಚೀಟಿಯಿಲ್ಲದೆ ಕೊಡಬಾರದು, ಕೊಂಡವರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು ಎಂದರು. ಎಷ್ಟು ಅಂಗಡಿಗಳು ಇದನ್ನು ಪಾಲಿಸಿದವೆಂದು ನೆರೆಹೊರೆಯ ಯಾರನ್ನು ಕೇಳಿದರೂ ಹೇಳುತ್ತಾರೆ. 2018ರ ಏಪ್ರಿಲ್‌ನಲ್ಲಿ ಅದು ಎನ್‌ಡಿಪಿಎಸ್ ಪಟ್ಟಿಗೇ ಸೇರಿತು. ಮರುವರ್ಷ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಹೊರಬಂತು: ಓಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ, ಅದರಿಂದ ತೊಂದರೆಗೆ ಸಿಕ್ಕವರು ಸುಮಾರು 77 ಲಕ್ಷ, ಶೇ 1.14 ಜನ ಹೆರಾಯಿನ್ ಬಳಸಿದರೆ ಶೇ 0.96 ಜನ ಔಷಧದಂಗಡಿಯ ಓಪಿಯಾಯ್ಡ್ ಬಳಸುತ್ತಿದ್ದರು. ಕಾಯ್ದೆ ಮೂವತ್ತು ವರ್ಷ ಕಾದಾಡಿದ್ದು ಹೆರಾಯಿನ್ ವಿರುದ್ಧ, ಅಷ್ಟರಲ್ಲಿ ಅದಕ್ಕೆ ಸಮನಾದ ಇನ್ನೊಂದು ಚಟ ಅಂಗಡಿಯ ಕಪಾಟಿನಿಂದಲೇ ಬೆಳೆದಿತ್ತು.

ಕಡಿವಾಣದ ನಂತರ ಆದದ್ದು 1985ರದ್ದೇ ಚಿಕ್ಕ ಮರುಕಳಿಕೆ. ಲೆಕ್ಕದ ಪುಸ್ತಕ, ದಾಳಿಯ ಗೊಡವೆ ಬೇಡವೆಂದು ಊರುಗಳ ಔಷಧ ಅಂಗಡಿಗಳು ಟ್ರಮಡಾಲ್ ತರಿಸುವುದನ್ನೇ ನಿಲ್ಲಿಸಿದವು. ಎರಡನೆಯ ಮೆಟ್ಟಿಲಲ್ಲಿದ್ದ ಕ್ಯಾನ್ಸರ್ ರೋಗಿಗಳು ಅದಕ್ಕಾಗಿ ಪಟ್ಟಣಕ್ಕೆ ಅಲೆಯಬೇಕಾಯಿತು. ಚಟದವರು ಆಗ ಪಟ್ಟಿಯಲ್ಲಿಲ್ಲದ ಟಾಪೆಂಟಡಾಲ್‌ಗೆ ತಿರುಗಿದರು. ಅದೇ ಟಾಪೆಂಟಡಾಲ್‌ಗೆ ಇನ್ನೊಂದು ಔಷಧ ಬೆರೆಸಿದ ಗುಳಿಗೆಗಳು ಭಾರತದಿಂದ ಪಶ್ಚಿಮ ಆಫ್ರಿಕಾದ ಬೀದಿಗಳಿಗೆ ಹೋಗುತ್ತಿರುವುದು 2025ರ ಫೆಬ್ರುವರಿಯಲ್ಲಿ ಬಿಬಿಸಿ ತನಿಖೆಯಿಂದ ಬಯಲಾಗಿ, ಸರ್ಕಾರ ಅದರ ತಯಾರಿಕೆ ಮತ್ತು ರಫ್ತು ತಡೆಯಿತು.

ಮಾರ್ಫಿನ್ ಮಟ್ಟಿಗೆ ಈಗ ಕಾಗದದ ಅಡ್ಡಿ ಬಹುಮಟ್ಟಿಗೆ ಹೋಗಿದೆ. ಉಳಿದಿರುವುದು ಬರೆಯಲು ಅಂಜುವ ವೈದ್ಯರು, ಮಾನ್ಯತೆ ಪಡೆಯಲು ಮುಂದಾಗದ ಆಸ್ಪತ್ರೆಗಳು. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ವೈದ್ಯ ನೋವು ಚಿಕಿತ್ಸೆ ಅಥವಾ ಓಪಿಯಾಯ್ಡ್ ಅವಲಂಬನೆಯ ಚಿಕಿತ್ಸೆಯಲ್ಲಿ ತರಬೇತಿ ಪಡೆದಿರಬೇಕೆಂಬುದು ನಿಯಮ. ಅಂಥವರು ತಾಲ್ಲೂಕು ಆಸ್ಪತ್ರೆಗಳಲ್ಲಿ ವಿರಳ. ಹೀಗಾಗಿ ಹುಮನಾಬಾದಿನಿಂದ, ಸೇಡಂನಿಂದ, ಮಾನ್ವಿಯಿಂದ ಮನೆಯವರು ಗುಳಿಗೆಗಾಗಿ ಈಗಲೂ ಹೈದರಾಬಾದಿನ ಬಸ್ಸು ಹತ್ತುತ್ತಾರೆ. ವೈದ್ಯರ ಚೀಟಿ ಇದ್ದರೆ ಬರೆದಷ್ಟು ಮಾರ್ಫಿನ್ ಅನ್ನು ರೋಗಿ ತನ್ನ ಬಳಿ ಇಟ್ಟುಕೊಳ್ಳಲು ಕಾನೂನಿನ ಒಪ್ಪಿಗೆಯಿದೆ. ಗುಳಿಗೆಯ ಜೊತೆ ಚೀಟಿಯನ್ನೂ ಇಟ್ಟುಕೊಂಡಿರಿ, ತನಿಖೆಯಲ್ಲಿ ಯಾರಾದರೂ ಕೇಳಿದರೆ ಹೆದರದೆ ತೋರಿಸಿ ಎಂದು ಮನೆಯವರಿಗೆ ಹೇಳಿ ಕಳಿಸುವುದೂ ಗುಳಿಗೆ ಕೊಡುವವರ ಕೆಲಸ.